ಐಇಎಲ್‌ಟಿಎಸ್ ಪ್ರಬಂಧಕ್ಕೆ ಕಣ್ಣಾರೆ ಕಂಡ ಉದಾಹರಣೆ

ಇಂಗ್ಲಿಷ್ ಭಾಷಾ ಸಾಮರ್ಥ್ಯವನ್ನು ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಎರಡನೆಯ ಬರವಣಿಗೆಗೆ, ಅಂದರೆ ಪ್ರಬಂಧಕ್ಕೆ, ಮೀಸಲಿಡಬೇಕಾದ 40 ನಿಮಿಷಗಳಲ್ಲಿ ಮೊದಲ 5 ನಿಮಿಷ ಪ್ರಬಂಧವನ್ನು ಆರಂಭಿಸದೆ, ನಿಮ್ಮ ನಿಲುವನ್ನು ಒಂದೇ ವಾಕ್ಯದಲ್ಲಿ ಗುರುತು ಹಾಕಿಕೊಂಡು, ಪ್ರತಿ ಪ್ಯಾರಾಕ್ಕೂ ಕಣ್ಣಾರೆ ಕಂಡ ಒಂದು ಉದಾಹರಣೆಯನ್ನು ಗೊತ್ತುಮಾಡಿಕೊಳ್ಳಿ. ಪ್ರವಾಸೋದ್ಯಮದ ಬಗ್ಗೆ ಕೇಳಿದರೆ ‘ಅನೇಕ ಲಾಭಗಳಿವೆ’ ಎಂಬ ಬಾಯಿಪಾಠದ ಸಾಲಿಗಿಂತ, ಕಾಫಿ ಬೆಲೆ ಕುಸಿದಾಗ ಮಡಿಕೇರಿ ಬಳಿಯ ಬೆಳೆಗಾರರ ಸಂಸಾರಕ್ಕೆ ಹೋಂಸ್ಟೇಯ ಎರಡು ಕೋಣೆಗಳು ಹೇಗೆ ಆಸರೆಯಾಗುತ್ತವೆ ಎಂಬುದು ಹೆಚ್ಚು ತೂಕದ್ದು; ಏಕೆಂದರೆ ಮೌಲ್ಯಮಾಪನದ ನಾಲ್ಕು ಮಾನದಂಡಗಳಲ್ಲಿ ಮೊದಲನೆಯದೇ ವಿಚಾರವನ್ನು ಬೆಳೆಸಿ ಸಮರ್ಥಿಸಿದ್ದೀರಾ ಎಂದು ನೋಡುತ್ತದೆ. ‘ಐನ್‌ಮನೆ’ (ಕೊಡವರ ಮನೆತನದ ಮೂಲಮನೆ) ಎಂಬಂಥ ಪದ ಬಂದರೆ ಅದರ ಅರ್ಥವನ್ನು ಅಲ್ಲೇ ಇಂಗ್ಲಿಷಿನಲ್ಲಿ ಹೇಳಿಬಿಡಿ. ಉದಾಹರಣೆ ಎರಡು ವಾಕ್ಯ ಮೀರಿದರೆ ಕಥೆಯಾಗಿಬಿಡುತ್ತದೆ (ನಮ್ಮೂರಿನ ಮಳೆಯ ಬಗ್ಗೆ ಬರೆಯಹೊರಟವರಿಗೆ ಈ ಅಪಾಯ ಹೆಚ್ಚು). ಅಕಾಡೆಮಿಕ್ ವಿಭಾಗದ ಮೊದಲ ಬರವಣಿಗೆಯಲ್ಲಿ ಮಾತ್ರ ಈ ಉಪಾಯ ನಡೆಯದು. ಅಲ್ಲಿ ಕೊಟ್ಟಿರುವ ಕೋಷ್ಟಕ ಅಥವಾ ರೇಖಾಚಿತ್ರದ ಆಚೆಗಿನ ಏನನ್ನೂ ಸೇರಿಸಬಾರದು.