ರೋಮಿನ ನೆಲದಡಿಯ ಓಣಿಗಳಲ್ಲಿ: ಕ್ಯಾಟಕೂಂಬ್ ನೋಡುವುದು ಹೇಗೆ?

ರೋಮಿಗೆ ಹೋದ ನಮ್ಮವರು ಕೊಲೋಸಿಯಂ, ವ್ಯಾಟಿಕನ್, ಟ್ರೆವಿ ಕಾರಂಜಿ ನೋಡಿ ಮುಂದಿನ ಊರಿನ ರೈಲು ಹತ್ತಿಬಿಡುತ್ತಾರೆ. ಅರ್ಧ ದಿನ ಮಿಗಿಸಿಕೊಂಡು ಹಳೆಯ ಕೋಟೆಗೋಡೆಯ ಆಚೆಗಿನ ಕ್ಯಾಟಕೂಂಬ್‌ಗಳಿಗೆ ಹೋಗಿ ಬನ್ನಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಎರಡನೆಯ ಶತಮಾನದ ಕೊನೆಯಿಂದ ಅಲ್ಲಿನ ಕ್ರೈಸ್ತರು ತಮ್ಮವರನ್ನು ಮಣ್ಣು ಮಾಡಿದ ನೆಲದಡಿಯ ಸ್ಮಶಾನಗಳಿವು. ತುಸು ತಿಳಿದುಕೊಂಡು ಹೋಗಬೇಕು, ಅಷ್ಟೆ. ಏನೂ ತಿಳಿಯದೆ ಇಳಿದವರಿಗೆ ಕಾಣುವುದು ಖಾಲಿ ಗೂಡುಗಳ ಸಾಲು ಮಾತ್ರ.

ಮೊದಲು ಎರಡು ತಪ್ಪು ಕಲ್ಪನೆಗಳನ್ನು ಬಿಡಿ

ತಲೆಬುರುಡೆಗಳ ರಾಶಿ ಇಲ್ಲಿಲ್ಲ, ಅದು ಪ್ಯಾರಿಸ್ಸಿನದು. ಇಲ್ಲಿ ಪ್ರವಾಸಿಗರು ನಡೆಯುವ ಭಾಗದಲ್ಲಿ ಮೂಳೆಗಳೇ ಕಾಣುವುದಿಲ್ಲ. ಇನ್ನೊಂದು, ಕ್ರೈಸ್ತರು ಇಲ್ಲಿ ಅಡಗಿ ಬದುಕಿದರು ಎಂಬ ಕಥೆ. ಈ ಸ್ಮಶಾನಗಳು ಎಲ್ಲಿವೆ ಎಂಬುದು ಸರ್ಕಾರಕ್ಕೆ ಚೆನ್ನಾಗಿಯೇ ಗೊತ್ತಿತ್ತು. 257ರಲ್ಲಿ ಚಕ್ರವರ್ತಿ ವ್ಯಾಲೇರಿಯನ್ ಕ್ರೈಸ್ತರು ಅಲ್ಲಿಗೆ ಹೋಗಲೇಬಾರದೆಂದು ಆಜ್ಞೆ ಹೊರಡಿಸಿದ. ಮರುವರ್ಷ ಎರಡನೆಯ ಸಿಕ್ಸ್ಟಸ್ ಎಂಬ ಪೋಪ್ ಇಂಥದೇ ಸ್ಮಶಾನವೊಂದರಲ್ಲಿ ಸಿಕ್ಕಿ ಕೊಲೆಯಾದರು.

ನೆಲದಡಿಗೆ ಇಳಿದದ್ದಕ್ಕೆ ಕಾರಣ ಬೇರೆ. ಊರೊಳಗೆ ಹೂಳುವುದನ್ನು ರೋಮನ್ ಕಾನೂನು ನಿಷೇಧಿಸಿತ್ತು. ಪುನರುತ್ಥಾನವನ್ನು ನಂಬಿದ ಕ್ರೈಸ್ತರು ದಹನ ಬಿಟ್ಟು ಹೂಳುವುದನ್ನೇ ಆರಿಸಿಕೊಂಡರು; ಅದಕ್ಕೆ ಜಾಗ ಹೆಚ್ಚು ಬೇಕು. ಊರಾಚೆಯ ನೆಲದಡಿಯಲ್ಲಿ ಟಫ್ ಎಂಬ ಜ್ವಾಲಾಮುಖಿ ಶಿಲೆ ಇತ್ತು. ನಮ್ಮ ಕರಾವಳಿಯ ಮುರಕಲ್ಲಿನಂತೆ ಅದೂ ಅಗೆಯುವಾಗ ಮೃದು, ಗಾಳಿ ತಾಗಿದ ಮೇಲೆ ಗಟ್ಟಿ. ಹಾಗಾಗಿ ಅಂತಸ್ತಿನ ಕೆಳಗೆ ಅಂತಸ್ತು ಕೊರೆಯುತ್ತ ಹೋದರು.

ಒಂದನ್ನು ಆರಿಸಿಕೊಳ್ಳಿ

ಮೊದಲ ಸಲ ಹೋಗುವವರಿಗೆ ಸಾನ್ ಕಲ್ಲಿಸ್ತೊ ಒಳ್ಳೆಯದು. ಸುಮಾರು 20 ಕಿ.ಮೀ. ಉದ್ದದ ಓಣಿಗಳು, ನಾಲ್ಕು ಅಂತಸ್ತು. ಮೂರನೆಯ ಶತಮಾನದ ಒಂಬತ್ತು ಪೋಪ್‌ಗಳನ್ನು ಹೂಳಿದ ಕೋಣೆಯೂ ಅಲ್ಲಿದೆ. ಶತಮಾನಗಳ ಕಾಲ ಜನ ಮರೆತಿದ್ದ ಈ ಕೋಣೆಯನ್ನು 1854ರಲ್ಲಿ ಪತ್ತೆ ಮಾಡಿದವರು ಪುರಾತತ್ವಜ್ಞ ಜೊವಾನ್ನಿ ಬತ್ತಿಸ್ತ ದೆ ರೊಸ್ಸಿ. ಬೆಂಗಳೂರಿನಲ್ಲಿ ಡಾನ್ ಬಾಸ್ಕೊ ಸಂಸ್ಥೆಗಳನ್ನು ನಡೆಸುವ ಸಲೇಶಿಯನ್ ಸಭೆಯವರೇ ಈ ಜಾಗವನ್ನೂ ನೋಡಿಕೊಳ್ಳುತ್ತಾರೆ.

ಚಿತ್ರಕಲೆಯಲ್ಲಿ ಆಸಕ್ತಿಯಿದ್ದರೆ ಊರಿನ ಉತ್ತರಕ್ಕಿರುವ ಪ್ರಿಶಿಲ್ಲಾಕ್ಕೆ ಹೋಗಿ. ಮಗುವನ್ನು ಎತ್ತಿಕೊಂಡ ಮರಿಯಳ ಅತ್ಯಂತ ಹಳೆಯ ಚಿತ್ರಗಳಲ್ಲೊಂದು ಅಲ್ಲಿನ ಚಾವಣಿಯಲ್ಲಿದೆ. ಒಂದೇ ದಿನ ಮೂರು ಕಡೆ ಓಡುವುದು ಬೇಡ, ಎಲ್ಲವೂ ಒಂದರೊಳಗೊಂದು ಕಲಸಿಹೋಗುತ್ತವೆ.

ತಲುಪುವುದು, ಟಿಕೆಟ್, ಬಟ್ಟೆ

ಸಾನ್ ಕಲ್ಲಿಸ್ತೊಗೆ ಕೊಲೋಸಿಯಂ ಬಳಿಯಿಂದ 118ನೇ ನಂಬರಿನ ಬಸ್ಸಿದೆ. ನಡೆದು ಹೋಗುವವರು ಆಪ್ಪಿಯಾ ಎಂಬ ಪುರಾತನ ರೋಮನ್ ರಸ್ತೆಯ ಕಿರಿದಾದ ಭಾಗದಲ್ಲಿ ವಾಹನಗಳ ನಡುವೆ ಸಾಗದೆ, ಕ್ವೊ ವಾದಿಸ್ ಚರ್ಚಿನ ಬಳಿಯಿಂದ ಕ್ಯಾಟಕೂಂಬಿನ ಆವರಣದೊಳಗೇ ಸಾಗುವ ಮರಗಳ ದಾರಿ ಹಿಡಿಯಲಿ. ವಾರದ ರಜೆ ಒಂದೊಂದು ಕಡೆ ಒಂದೊಂದು ದಿನ: ಕಲ್ಲಿಸ್ತೊಗೆ ಬುಧವಾರ, ಪ್ರಿಶಿಲ್ಲಾಕ್ಕೆ ಸೋಮವಾರ. ಚಳಿಗಾಲದಲ್ಲಿ ಕೆಲವು ವಾರ ಮುಚ್ಚುವುದೂ ಉಂಟು, ಮಧ್ಯಾಹ್ನ ಊಟದ ಬಿಡುವೂ ಇದೆ. ಹೊರಡುವ ಮುನ್ನ ಆಯಾ ಕ್ಯಾಟಕೂಂಬಿನ ಜಾಲತಾಣ ನೋಡಿಕೊಳ್ಳಿ.

ಮಾರ್ಗದರ್ಶಕರಿಲ್ಲದೆ ಒಳಗೆ ಬಿಡುವುದಿಲ್ಲ. ಟಿಕೆಟ್ ಕೊಳ್ಳುವಾಗ ಇಂಗ್ಲಿಷ್ ತಂಡ ಎಂದು ಹೇಳಿ. ಹೊರಗೆ ಎಂಥ ಬೇಸಿಗೆಯಿದ್ದರೂ ಒಳಗೆ ಸುಮಾರು 15 ಡಿಗ್ರಿ ತಂಪು, ತೇವ. ಒಂದು ಶಾಲು ಇರಲಿ. ಪವಿತ್ರ ಸ್ಥಳವಾದ್ದರಿಂದ ಭುಜ ಮುಚ್ಚಲೂ ಬೇಕಾಗುತ್ತದೆ. ಜಾರದ ಚಪ್ಪಲಿ ಅಥವಾ ಬೂಟು ಹಾಕಿಕೊಳ್ಳಿ. ಮೊಣಕಾಲು ನೋವಿನ ಹಿರಿಯರಿಗೆ ಮೆಟ್ಟಿಲುಗಳು ಕಷ್ಟ. ಇಕ್ಕಟ್ಟಿನಲ್ಲಿ ಉಸಿರು ಕಟ್ಟಿದಂತಾಗುವವರು ಮೊದಲೇ ಯೋಚಿಸಲಿ.

ಹಿಂದಿನ ರಾತ್ರಿಯ ಪಾಠ

ನನ್ನ ಮಟ್ಟಿಗೆ ಇದೇ ಮುಖ್ಯ ಹೆಜ್ಜೆ. ಗೋಡೆಯ ಮೇಲೆ ಕಾಣುವ ಕೆಲವು ಗುರುತುಗಳ ಅರ್ಥ ತಿಳಿದುಕೊಳ್ಳಿ. ಮೀನು: ಗ್ರೀಕಿನಲ್ಲಿ ಮೀನಿಗೆ 'ಇಕ್ತುಸ್' ಎನ್ನುತ್ತಾರೆ, 'ಯೇಸು ಕ್ರಿಸ್ತ, ದೇವರ ಮಗ, ರಕ್ಷಕ' ಎಂಬುದರ ಗ್ರೀಕ್ ಮೊದಲಕ್ಷರಗಳನ್ನು ಕೂಡಿಸಿದರೂ ಅದೇ ಪದ. ಲಂಗರು ಎಂದರೆ ಭರವಸೆ. ಕೊಕ್ಕಿನಲ್ಲಿ ಆಲಿವ್ ಚಿಗುರು ಹಿಡಿದ ಪಾರಿವಾಳ ಶಾಂತಿ ಸೇರಿದ ಆತ್ಮ. ಹೆಗಲ ಮೇಲೆ ಕುರಿ ಹೊತ್ತ ಕುರುಬ ಕ್ರಿಸ್ತ. ಎರಡೂ ಕೈ ಎತ್ತಿ ನಿಂತ ಆಕೃತಿ ಪ್ರಾರ್ಥಿಸುವವರದು. ಮೀನಿನ ಹೊಟ್ಟೆಯಿಂದ ಹೊರಬಂದ ಬೈಬಲಿನ ಪ್ರವಾದಿ ಯೋನ ಮತ್ತೆ ಮತ್ತೆ ಸಿಗುತ್ತಾನೆ. ಶಿಲುಬೆಗಾಗಿ ಹುಡುಕಬೇಡಿ, ಅದು ಬಹಳ ವಿರಳ. ಶಾಸನಗಳಲ್ಲಿ 'ಇನ್ ಪಾಚೆ' ಎಂದು ಕಂಡರೆ 'ಶಾಂತಿಯಲ್ಲಿ' ಎಂದು ಓದಿಕೊಳ್ಳಿ.

ಕೆಳಗೆ ಇಳಿದ ಮೇಲೆ

ಭೇಟಿ ಮುಕ್ಕಾಲು ಗಂಟೆ ಮೀರುವುದಿಲ್ಲ. ತಂಡ ಬಿಟ್ಟು ಪಕ್ಕದ ಓಣಿಗೆ ಕಾಲಿಡಬೇಡಿ. ಫೋಟೊ ತೆಗೆಯುವಂತಿಲ್ಲ, ಗೋಡೆ ಮುಟ್ಟುವಂತಿಲ್ಲ. ನನಗೆ ಮೊಬೈಲ್ ಚೀಲದಲ್ಲೇ ಉಳಿದದ್ದು ಒಳ್ಳೆಯದೇ ಆಯಿತು. ಕಣ್ಣಿಗೆ ಪುರುಸೊತ್ತು ಸಿಕ್ಕಿತು.

ಎರಡೂ ಬದಿಯ ಗೂಡುಗಳನ್ನು ನಿಧಾನವಾಗಿ ನೋಡಿ. ದೇಹವನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿ, ಅಮೃತಶಿಲೆಯ ಹಲಗೆಯಿಂದಲೋ ಹೆಂಚಿನಿಂದಲೋ ಬಾಯಿ ಮುಚ್ಚಿ ಗಾರೆ ಬಳಿಯುತ್ತಿದ್ದರು. ಹೆಸರು ಕೆತ್ತಿಸಲು ಆಗದವರು ಹಸಿ ಗಾರೆಗೆ ಒಂದು ನಾಣ್ಯ, ಚಿಪ್ಪು, ಗಾಜಿನ ಬಟ್ಟಲಿನ ತಳ ಒತ್ತಿಬಿಡುತ್ತಿದ್ದರು; ಮಗುವಾದರೆ ಅದರ ಆಟಿಕೆ. ಮುಂದಿನ ಸಲ ಬಂದಾಗ ನಮ್ಮವರ ಗೂಡು ಇದೇ ಎಂದು ಗುರುತು ಸಿಗಬೇಕಲ್ಲ. ಮೊಳದುದ್ದದ ಗೂಡುಗಳೂ ಎಷ್ಟೋ ಇವೆ. ಅವು ಶಿಶುಗಳವು. ಪೋಪ್‌ಗಳ ಕೋಣೆಯ ಮುಂದೆ ಎಲ್ಲರೂ ನಿಲ್ಲುತ್ತಾರೆ. ನೀವು ಇವುಗಳ ಮುಂದೆಯೂ ಒಂದು ಕ್ಷಣ ನಿಲ್ಲಿ.

ಸಮಯ ಉಳಿದರೆ

ಆಪ್ಪಿಯಾ ರಸ್ತೆಯಲ್ಲಿ ಸ್ವಲ್ಪ ಮುಂದೆ ಸಾನ್ ಸೆಬಾಸ್ತಿಯಾನೊ ಇದೆ. 'ಕ್ಯಾಟಕೂಂಬ್' ಎಂಬ ಪದ ಹುಟ್ಟಿದ್ದು ಈ ಜಾಗದ ಹಳೆಯ ಹೆಸರಿನಿಂದ. ಒಂದೇ ದಿನ ಎರಡನ್ನೂ ನೋಡುವುದು ಬೇಡವೆನಿಸಿದರೆ, ಇನ್ನೊಂದು ದಿನವಾದರೂ ಇಲ್ಲಿಗೆ ಬನ್ನಿ. ಮೂರನೆಯ ಶತಮಾನದ ಭಕ್ತರು ಸತ್ತವರ ನೆನಪಿನ ಊಟಕ್ಕೆ ಸೇರುತ್ತಿದ್ದ ಮಂಟಪವೊಂದರ ಗೋಡೆ ಒಳಗೆ ಉಳಿದಿದೆ. ಅದರ ತುಂಬ ಅವರು ಗೀಚಿದ ಬರಹಗಳು. ಅವುಗಳಲ್ಲಿ ಸಂತ ಪೌಲ, ಸಂತ ಪೇತ್ರರನ್ನು ಕರೆದು ಬರೆದ ಒಂದನ್ನು ಹುಡುಕಿ ತೋರಿಸುವಂತೆ ಮಾರ್ಗದರ್ಶಕರನ್ನು ಕೇಳಿ: "ಪೌಲನೇ, ಪೇತ್ರನೇ, ವಿಕ್ಟರನಿಗಾಗಿ ಬೇಡಿಕೊಳ್ಳಿರಿ."