ಜಾಗ ಸಿಕ್ಕಿತ್ತು, ಕಥೆ ಸಿಕ್ಕಿರಲಿಲ್ಲ

ಪ್ರವಾಸ ಲೇಖನ ಬರೆದೇ ಬದುಕಬೇಕು ಅಂತ ಹೊರಟ ಮೊದಲ ವರ್ಷ 11 ಪಿಚ್ ಕಳಿಸಿದೆ. 9ಕ್ಕೆ ಉತ್ತರವೇ ಬರಲಿಲ್ಲ. ಒಂದಕ್ಕೆ 'ಬೇಡ' ಅಂತ ಬಂತು. ಉಳಿದ ಒಂದಕ್ಕೆ ಬಂದ ಉತ್ತರ ನನ್ನ ದಾರಿಯನ್ನೇ ಬದಲಿಸಿತು.

ಪಿಚ್ ಅಂದರೆ ಲೇಖನ ಬರೆಯುವ ಮೊದಲು ಸಂಪಾದಕರಿಗೆ ಕಳಿಸುವ ಪುಟ್ಟ ಇಮೇಲ್. ಏನು ಬರೆಯುತ್ತೇನೆ, ಈಗಲೇ ಯಾಕೆ, ನಾನೇ ಯಾಕೆ ಅಂತ ಅದರಲ್ಲಿ ಹೇಳಬೇಕು. ನನ್ನವೆಲ್ಲ ಒಂದೇ ಥರ ಇದ್ದವು. ಇಲ್ಲೊಂದು ಸುಂದರ ಜಾಗ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ, ಬರೆದು ಕೊಡಲಾ? ಕೊನೆಯದು ಕಡಲ ದಂಡೆಯ ಒಂದು ಹಳೇ ಲೈಟ್‌ಹೌಸ್ ಬಗ್ಗೆ. ಅದಕ್ಕೆ ಒಬ್ಬ ಸಂಪಾದಕಿ ಬರೆದದ್ದು ಇಷ್ಟೇ: "ಜಾಗ ಚೆನ್ನಾಗಿದೆ. ಕಥೆ ಏನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊದಲ ಸಲ ಹೋದಾಗ ಸೂರ್ಯಾಸ್ತ, ಅಲೆ, ಗಾಳಿ ಅಂತ ಎರಡು ಪುಟ ತುಂಬಿಸಿಕೊಂಡು ಬಂದಿದ್ದೆ. ಆ ಎರಡು ಪುಟ ಯಾವ ಕಡಲ ದಂಡೆಗಾದರೂ ಒಪ್ಪುತ್ತಿತ್ತು. ಹಾಗಾಗಿ ಮತ್ತೆ ಹೋದೆ.

ಈ ಸಲ ರಾತ್ರಿ ಕೆಳಗಿನ ಬಂಡೆ ಮೇಲೆ ಗಡಿಯಾರ ಹಿಡಿದು ಸುಮ್ನೆ ಕೂತೆ. ದೀಪ ಎರಡು ಸಲ ಮಿಂಚಿತು. ಆಮೇಲೆ ಕತ್ತಲು. ಎಣಿಸಿದೆ, 13 ಸೆಕೆಂಡ್. ಮತ್ತೆ ಎರಡು ಮಿಂಚು, ಮತ್ತೆ 13. ಬೆಳಿಗ್ಗೆ ಅಲ್ಲಿ ಕೆಲಸ ಮಾಡುವ ಹಿರಿಯರನ್ನು ಕೇಳಿದೆ. "ಒಂದೊಂದು ದೀಪಕ್ಕೂ ಅದರದ್ದೇ ಲೆಕ್ಕ ಇರುತ್ತೆ. ಕಡಲಲ್ಲಿರೋರು ಎಣಿಸಿ ನೋಡಿ, ಇದು ಯಾವ ದೀಪ ಅಂತ ಗುರುತು ಹಿಡೀತಾರೆ. ಅವರ ನಕ್ಷೆಯಲ್ಲಿ ಬರೆದಿರುತ್ತೆ" ಅಂದರು. ಈಗ ಹಡಗುಗಳಲ್ಲಿ ಜಿಪಿಎಸ್ ಇದೆ. ದೀಪವೂ ತಾನೇ ಹತ್ತಿ ತಾನೇ ಆರುತ್ತದೆ. ಆದರೂ ಅವರು ದಿನಾ ಮೇಲೆ ಹತ್ತುತ್ತಾರೆ. ಯಾಕೆ ಅಂತ ಕೇಳಿದೆ. "ಗಾಜಿನ ಮೇಲೆ ಉಪ್ಪು ಕೂತ್ಕೊಳ್ಳುತ್ತೆ. ಒರೆಸದೇ ಇದ್ರೆ ಬೆಳಕು ಮಂಕಾಗುತ್ತೆ." ನಾನೂ ಅವರ ಹಿಂದೆ ಹತ್ತಿದೆ, ಮೆಟ್ಟಿಲು ಎಣಿಸುತ್ತಾ. 142.

ಅದೇ ಸಂಪಾದಕಿಗೆ ಹೊಸ ಪಿಚ್ ಬರೆದೆ. ತಾನೇ ಉರಿಯುವ ದೀಪಕ್ಕಾಗಿ ದಿನಾ 142 ಮೆಟ್ಟಿಲು ಹತ್ತುವ ಒಬ್ಬರ ಬಗ್ಗೆ ಬರೆಯುತ್ತೇನೆ ಅಂದೆ. ಮರುದಿನವೇ ಉತ್ತರ ಬಂತು: 900 ಪದ, ಮೂರು ವಾರದಲ್ಲಿ ಕೊಡಿ.

ಆ ಸಂಪಾದಕಿಯಿಂದ ಇನ್ನೊಂದು ಪಾಠವೂ ಸಿಕ್ಕಿತು. ಲೈಟ್‌ಹೌಸಿನ ಲೆನ್ಸ್ ಫ್ರೆನೆಲ್ ಲೆನ್ಸ್, ಅಂದರೆ ದೀಪದ ಬೆಳಕನ್ನು ಒಟ್ಟುಮಾಡಿ ದೂರಕ್ಕೆ ಕಳಿಸುವ ಗಾಜಿನ ಉಂಗುರಗಳ ಜೋಡಣೆ. ಈ ಥರದ ಲೆನ್ಸ್ 18ನೇ ಶತಮಾನದಿಂದ ಬಳಕೆಯಲ್ಲಿದೆ ಅಂತ ಗೋಡೆಯ ಫಲಕದಲ್ಲಿ ಓದಿ, ಹಾಗೇ ಬರೆದಿದ್ದೆ. "ಎಲ್ಲಿಂದ ತೆಗೆದಿರಿ?" ಅಂತ ಕೇಳಿದರು. ಹುಡುಕಿದರೆ, ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್ ಅವರ ಲೆನ್ಸನ್ನು ಕೋರ್ಡುವಾನ್ ಲೈಟ್‌ಹೌಸಿನಲ್ಲಿ ಮೊದಲು ಕೂರಿಸಿದ್ದೇ 1823ರಲ್ಲಿ. ಅವತ್ತಿನಿಂದ ನೋಟ್‌ಬುಕ್ಕಿನ ಪ್ರತಿ ಸಾಲಿನ ಪಕ್ಕ ಒಂದು ಅಕ್ಷರ ಹಾಕುತ್ತೇನೆ. 'ಕ' ಅಂದರೆ ಕಂಡದ್ದು, 'ಕೇ' ಅಂದರೆ ಕೇಳಿದ್ದು, 'ಓ' ಅಂದರೆ ಓದಿದ್ದು. ಫಲಕದಲ್ಲಿರೋದು 'ಓ'ಗೆ ಹೋಗುತ್ತದೆ. ಅದಕ್ಕೆ ಇನ್ನೊಂದು ಆಧಾರ ಸಿಗದೇ ಇದ್ದರೆ ಲೇಖನಕ್ಕೆ ಸೇರಿಸುವುದಿಲ್ಲ. 13 ಸೆಕೆಂಡ್ ಅನ್ನೋದು 'ಕ'. ಅದನ್ನು ಬರೆಯುವಾಗ ಕೈ ನಡುಗುವುದಿಲ್ಲ.

ಇನ್ನು ದುಡ್ಡಿನ ವಿಷಯ. ಒಂದು ಪ್ರವಾಸಕ್ಕೆ ಒಂದೇ ಲೇಖನ ಅಂತ ಹೋದರೆ ಸಂಭಾವನೆ ಓಡಾಟಕ್ಕೇ ಸರಿಹೋಗುತ್ತದೆ. ಆ ಲೈಟ್‌ಹೌಸಿನಿಂದ ಮೂರು ಬರಹ ಹುಟ್ಟಿದವು. ದೊಡ್ಡ ಲೇಖನ ಒಂದು. ದೀಪದ ಮಿಂಚನ್ನು ಎಣಿಸಿ ಓದೋದು ಹೇಗೆ ಅಂತ ಮಕ್ಕಳ ಪತ್ರಿಕೆಗೆ ಒಂದು. ಸುತ್ತು ಮೆಟ್ಟಿಲುಗಳ ಚಿತ್ರಸರಣಿ ಇನ್ನೊಂದು. ಮೂರಕ್ಕೂ ಬೇರೆ ಬೇರೆ ವಿಷಯ, ಬೇರೆ ಬೇರೆ ವಾಕ್ಯ. ಒಂದನ್ನೇ ತಿರುಗಿಸಿ ಮುರುಗಿಸಿ ಮೂರು ಕಡೆ ಕೊಡೋದು ಮೋಸ.

ಇಲ್ಲಿ ಹಕ್ಕಿನ ಪ್ರಶ್ನೆ ಬರುತ್ತದೆ. ನಾನು ಪೆಟ್ಟು ತಿಂದದ್ದೂ ಇಲ್ಲೇ. ಒಂದು ಪತ್ರಿಕೆಯ ಕರಾರನ್ನು ಓದದೇ ಸಹಿ ಹಾಕಿದೆ. ಎಲ್ಲ ಹಕ್ಕೂ ಅವರದ್ದು ಅಂತ ಅದರಲ್ಲಿತ್ತು. ಎರಡು ವರ್ಷದ ಮೇಲೆ ಆ ಲೇಖನವನ್ನು ನನ್ನದೇ ಸಂಕಲನಕ್ಕೆ ಸೇರಿಸಲು ಆಗಲಿಲ್ಲ. ತುಂಬಾ ನೋವಾಯಿತು. 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಬರೆದ ಕೂಡಲೇ ಕಾಪಿರೈಟ್ ಬರೆದವರದ್ದಾಗುತ್ತದೆ, ನೋಂದಣಿ ಬೇಕಿಲ್ಲ. ಆದರೆ ಸಹಿ ಹಾಕಿ ಕೊಟ್ಟರೆ ಕೊಟ್ಟ ಹಾಗೇ, ಅಲ್ವಾ? ಈಗ ಮೊದಲ ಪ್ರಕಟಣೆಯ ಹಕ್ಕನ್ನು ಮಾತ್ರ ಕೊಡುತ್ತೇನೆ, ಅದೂ ಎಷ್ಟು ತಿಂಗಳು ಅಂತ ಬರೆಸಿಕೊಂಡು. ದುಡ್ಡು ಲೇಖನ ಒಪ್ಪಿದಾಗ ಬರುತ್ತದೋ, ಅಚ್ಚಾದಾಗ ಬರುತ್ತದೋ ಅಂತಲೂ ಕೇಳುತ್ತೇನೆ. ಒಂದು ಸಲ ಲೇಖನ ಒಪ್ಪಿಗೆಯಾಗಿ ಏಳು ತಿಂಗಳಾದ ಮೇಲೆ ಅಚ್ಚಾಯಿತು. ಅಷ್ಟೂ ದಿನ ಕೈಗೆ ಬಿಡಿಗಾಸೂ ಬರಲಿಲ್ಲ. ಅವರೇ ಹೇಳಿ ಬರೆಸಿ, ಕೊನೆಗೆ ಹಾಕದೇ ಬಿಟ್ಟರೆ ಸಂಭಾವನೆಯ ಒಂದು ಪಾಲಾದರೂ ಸಿಗಬೇಕು. ಅದನ್ನೂ ಮೊದಲೇ ಮಾತಾಡಿಕೊಳ್ಳಿ.

ಅಚ್ಚಿನ ಮಾಸಪತ್ರಿಕೆಗಳು ಎಷ್ಟೋ ತಿಂಗಳು ಮುಂಚೆಯೇ ಸಂಚಿಕೆ ಯೋಜಿಸುತ್ತವೆ. ಚಳಿಗಾಲದ ಲೇಖನಕ್ಕೆ ಹೋದ ಚಳಿಗಾಲದ ಫೋಟೋ ಬೇಕು. ಹಾಗಾಗಿ ನನ್ನ ಫೋಟೋಗಳನ್ನು ಊರಿನ ಹೆಸರಿನಲ್ಲಿ ಅಲ್ಲ, ತಿಂಗಳ ಹೆಸರಿನಲ್ಲಿ ಜೋಡಿಸಿಟ್ಟಿದ್ದೇನೆ.

ಹೋಟೆಲ್‌ನವರೋ ಪ್ರವಾಸ ಸಂಸ್ಥೆಯವರೋ ಪುಕ್ಕಟೆ ಕರೆದುಕೊಂಡು ಹೋದರೆ ಅದನ್ನು ಪಿಚ್‌ನಲ್ಲೇ ಹೇಳಿಬಿಡುತ್ತೇನೆ. ಅಂಥ ಪ್ರವಾಸದ ಲೇಖನವನ್ನು ಕೆಲವು ಪತ್ರಿಕೆಗಳು ತೆಗೆದುಕೊಳ್ಳುವುದೇ ಇಲ್ಲ. ಮುಚ್ಚಿಟ್ಟು ಬರೆದರೆ ಓದುಗರಿಗೆ ಸುಳ್ಳು ಹೇಳಿದ ಹಾಗೆ.

ಅಲ್ಲಿವರೆಗೆ ಮಾಡುತ್ತಿದ್ದ ನೌಕರಿ ಬಿಟ್ಟದ್ದು, ಬರೆಯಲು ಶುರು ಮಾಡಿ ಎರಡೂವರೆ ವರ್ಷದ ಮೇಲೆ. ಆರು ತಿಂಗಳ ಖರ್ಚಿಗೆ ಆಗುವಷ್ಟು ಬ್ಯಾಂಕಿನಲ್ಲಿತ್ತು. ತಾವಾಗಿ ಕೇಳಿ ಬರೆಸುವ ಮೂವರು ಸಂಪಾದಕರೂ ಇದ್ದರು. ಈಗಲೂ ನನ್ನ ಆದಾಯದ ಅರ್ಧದಷ್ಟು ಬರುವುದು ಬೇರೆ ಕೆಲಸದಿಂದ. ಫೋಟೋಗಳಿಗೆ ಅಡಿಬರಹ ಬರೆಯುತ್ತೇನೆ, ಗೈಡ್‌ಬುಕ್ಕಿನ ಹಳೇ ಪುಟಗಳನ್ನು ತಿದ್ದುತ್ತೇನೆ. ಬಸ್ಸಿನ ಸಮಯ ಬದಲಾಗಿದೆಯಾ, ಮ್ಯೂಸಿಯಂ ಯಾವ ದಿನ ಮುಚ್ಚಿರುತ್ತದೆ, ಇಂಥದ್ದನ್ನೆಲ್ಲ ಫೋನ್ ಮಾಡಿ ಕೇಳಬೇಕು. ನನಗೆ ಈ ಕೆಲಸ ಇಷ್ಟ. ನಾವು ಬರೆದ ಒಂದು ತಪ್ಪು ಸಮಯದಿಂದ ಯಾರೋ ಒಬ್ಬರು ಚೀಲ ಹೊತ್ತುಕೊಂಡು ಮುಚ್ಚಿದ ಬಾಗಿಲ ಮುಂದೆ ನಿಂತಿರುತ್ತಾರೆ.

ಲೈಟ್‌ಹೌಸಿನ ಲೇಖನ ಬಂದಾಗ ಆ ಹಿರಿಯರಿಗೆ ಒಂದು ಪ್ರತಿ ಕಳಿಸಿದ್ದೆ. ಹತ್ತು ದಿನ ಬಿಟ್ಟು ಫೋನ್ ಮಾಡಿದರು. "142 ಅಂತ ಬರೆದಿದ್ದೀರಿ. ಇಷ್ಟು ವರ್ಷ ಹತ್ತಿದ್ದೀನಿ, ಯಾವತ್ತೂ ಎಣಿಸಿರಲಿಲ್ಲ. ನಿನ್ನೆ ಎಣಿಸಿದೆ, ಸರಿ ಇದೆ." ಆಮೇಲೆ, ಮುಂದಿನ ದಂಡೆಯ ದೀಪದಲ್ಲಿರುವ ತಮ್ಮ ಸ್ನೇಹಿತರು ಸದ್ಯದಲ್ಲೇ ನಿವೃತ್ತರಾಗುತ್ತಾರೆ, ಅವರನ್ನೂ ಒಮ್ಮೆ ಮಾತಾಡಿಸಿ ಅಂದರು. ಮುಂದಿನ ವಾರವೇ ಹೊರಟೆ.