ಬೆಳಿಗ್ಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಮನೆಗೆ

ನಮ್ಮ ಯಜಮಾನರಿಗೆ ಈಗ 74 ವರ್ಷ, ನನಗೆ 69. ಮೈಸೂರಿನ ಮನೆಯಲ್ಲಿ ನಾವಿಬ್ಬರೇ. ಮಗಳು ಬೆಂಗಳೂರಿನಲ್ಲಿದ್ದಾಳೆ. ಮೂವತ್ತು ವರ್ಷ ಶಾಲೆ, ಮನೆ ಎಂದು ಓಡಾಡಿದವಳು ನಾನು. ರಿಟೈರ್ ಆದ ಮೇಲೆ ಊರೂರು ನೋಡಬೇಕು ಅಂತ ಬಹಳ ಆಸೆ ಇಟ್ಟುಕೊಂಡಿದ್ದೆ.

ಮೊದಲ ಸಲ ಕಾರು ಮಾಡಿಕೊಂಡು ಹೊರಟೆವು. ಮೂರು ದಿನಕ್ಕೆ ಶ್ರವಣಬೆಳಗೊಳ, ಹಳೇಬೀಡು, ಬೇಲೂರು, ಧರ್ಮಸ್ಥಳ, ಸುಬ್ರಹ್ಮಣ್ಯ. ದಾರಿಯಲ್ಲಿ ಒಳ್ಳೆ ಟಾಯ್ಲೆಟ್ ಸಿಗುತ್ತೋ ಇಲ್ಲವೋ ಎಂಬ ಭಯಕ್ಕೆ ನಾನು ನೀರೇ ಕುಡಿಯಲಿಲ್ಲ. ಬೇಲೂರಿಗೆ ಹೋದಾಗ ಮಟಮಟ ಮಧ್ಯಾಹ್ನ. ಚಪ್ಪಲಿ ಬಿಟ್ಟು ಕಾದ ಹಾಸುಗಲ್ಲಿನ ಮೇಲೆ ನಡೆದೆ. ತಲೆ ಸುತ್ತಿತು, ಅಲ್ಲೇ ದೇವಸ್ಥಾನ ನಿಂತಿರುವ ಕಲ್ಲುಕಟ್ಟೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಕತ್ತೆತ್ತಿ ಮದನಿಕೆಯರನ್ನು ನೋಡಲೂ ಆಗಲಿಲ್ಲ. ಅಷ್ಟು ದೂರ ಹೋಗಿದ್ದೇ ಅದಕ್ಕಾಗಿ, ಅಲ್ವಾ? ಮನೆಗೆ ಬಂದ ಮೇಲೆ ಮೂತ್ರದ ಸೋಂಕು, ಜ್ವರ. ಅವರ ಮಂಡಿ ಊದಿಕೊಂಡು ಎರಡು ವಾರ ಬಿಸಿನೀರಿನ ಶಾಖ ಕೊಟ್ಟೆವು. ಇನ್ನು ನಮ್ಮ ಕಾಲ ಮುಗಿಯಿತು, ಮನೆಯಲ್ಲೇ ಇರೋಣ ಎಂದು ಅವರು ಹೇಳಿದಾಗ ನನಗೆ ಅಳು ಬಂತು.

ನಾಲ್ಕೈದು ತಿಂಗಳು ಎಲ್ಲೂ ಹೋಗಲಿಲ್ಲ. ಆಮೇಲೆ ಒಂದು ಬುಧವಾರ ಸುಮ್ನೆ ನಂಜನಗೂಡಿಗೆ ರೈಲಿನಲ್ಲಿ ಹೋಗಿ ಬಂದೆವು. ಇಲ್ಲಿಂದ 25 ಕಿಲೋಮೀಟರ್ ಅಷ್ಟೇ. ದೇವರ ದರ್ಶನ ಆಯಿತು, ಕಪಿಲೆಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕುಳಿತೆವು, ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದೆವು. ಯಾರಿಗೂ ಸುಸ್ತಾಗಲಿಲ್ಲ. ನಮಗೆ ಸರಿಹೋಗುವ ಅಳತೆ ಇದೇ ಎಂದು ಅವತ್ತು ಗೊತ್ತಾಯಿತು. ಒಂದು ದಿನ, ಒಂದೇ ಊರು, ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಪಸ್. ಈಗ ತಿಂಗಳಿಗೊಮ್ಮೆ ಹೀಗೆ ಹೊರಡುತ್ತೇವೆ.

ಹೋಗುವುದು ಮಂಗಳವಾರದಿಂದ ಗುರುವಾರದ ಒಳಗೆ. ಶನಿವಾರ, ಭಾನುವಾರ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸೋಮವಾರ, ಹುಣ್ಣಿಮೆ ದಿನ ನಂಜನಗೂಡಿನ ಕಡೆ ತಲೆಯನ್ನೇ ಹಾಕುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸು, ವೇಗದೂತ ಬಸ್ಸುಗಳಲ್ಲಿ ನನಗೆ ಟಿಕೆಟ್ ಖರ್ಚಿಲ್ಲ. ಅವರಿಗೆ ಹಿರಿಯ ನಾಗರಿಕರ ರಿಯಾಯಿತಿ, ನೂರಕ್ಕೆ 25 ಕಡಿಮೆ. ಇಬ್ಬರ ಆಧಾರ್ ಕಾರ್ಡೂ ನನ್ನ ಪರ್ಸಿನ ಹೊರಗಿನ ಜೇಬಿನಲ್ಲೇ ಇರುತ್ತವೆ. ಕಂಡಕ್ಟರ್ ಕೇಳಿದಾಗ ಬ್ಯಾಗೆಲ್ಲ ತಡಕಾಡುವ ಹಾಗಿಲ್ಲ. ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೂರುವುದಿಲ್ಲ. ಒಂದು ಹಂಪ್ ಹಾರಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಬಸ್ಸಿನ ಮಧ್ಯದ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತೇವೆ. ನಮಗೆ ಅವಸರ ಏನಿದೆ?

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ವಯಸ್ಸಿನ ಹೆಂಗಸರು ಇದನ್ನು ಯಾರ ಹತ್ತಿರವೂ ಹೇಳುವುದಿಲ್ಲ, ಪ್ರಯಾಣ ಎಂದರೆ ಬಾಯಿ ಒಣಗಿಸಿಕೊಂಡೇ ಇರುತ್ತಾರೆ. ನಾನೂ ಹಾಗೆ ಮಾಡಿಯೇ ಕಾಯಿಲೆ ಬಿದ್ದಿದ್ದು. ಈಗ ಹೊರಡುವ ಒಂದೂವರೆ ಗಂಟೆ ಮೊದಲೇ ಕಾಫಿ, ನೀರು ಎಲ್ಲ ಮುಗಿಸುತ್ತೇನೆ. ಬಸ್ಸಿನಲ್ಲಿ ಗುಟುಕು ಗುಟುಕು ಕುಡಿಯುತ್ತೇನೆ. ಇಳಿದ ಕೂಡಲೇ ಮೊದಲ ಕೆಲಸ ಟಾಯ್ಲೆಟ್ ಎಲ್ಲಿದೆ ಎಂದು ಕೇಳುವುದು, ದೇವಸ್ಥಾನ ಆಮೇಲೆ. ಬೇಕು ಅನ್ನಿಸಲಿ ಬಿಡಲಿ, ಒಮ್ಮೆ ಹೋಗಿ ಬರುತ್ತೇನೆ. ನಮ್ಮ ಯಜಮಾನರ ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಹೋಗುವ ಔಷಧಿಯೂ ಇದೆ. ಬೆಳಿಗ್ಗೆ ನುಂಗಿ ಬಸ್ ಹತ್ತಿದರೆ ಬಹಳ ಕಷ್ಟಪಡುತ್ತಿದ್ದರು. ಡಾಕ್ಟರನ್ನು ಕೇಳಿದೆವು. ಹೊರಗೆ ಹೋಗುವ ದಿನ ಊರು ಮುಟ್ಟಿದ ಮೇಲೆ ತೆಗೆದುಕೊಳ್ಳಿ ಎಂದರು. ನೀವಾಗಿಯೇ ಹೊತ್ತು ಬದಲಾಯಿಸಬೇಡಿ, ನಿಮ್ಮ ಡಾಕ್ಟರನ್ನು ಕೇಳಿ. ನಾವು ಎಷ್ಟೋ ವರ್ಷ ಕೇಳದೇ ಕಷ್ಟಪಟ್ಟೆವು.

ಬುತ್ತಿ ನನ್ನ ಇಷ್ಟದ ಕೆಲಸ. ಅನ್ನವನ್ನು ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಸೌಟಿನಲ್ಲಿ ಮಸೆದು, ಅನ್ನ ಮುಳುಗುವಷ್ಟು ಕಾಯಿಸಿದ ಹಾಲು ಹಾಕುತ್ತೇನೆ. ಉಗುರುಬೆಚ್ಚಗಾದ ಮೇಲೆ ಎರಡೇ ಚಮಚ ಮೊಸರು, ಸ್ವಲ್ಪ ಉಪ್ಪು. ಮೇಲೆ ಸಾಸಿವೆ, ಶುಂಠಿ, ಕರಿಬೇವಿನ ಒಗ್ಗರಣೆ. ಬೆಳಿಗ್ಗೆ ಆರು ಗಂಟೆಗೆ ಕಲಸಿದ್ದು ಮಧ್ಯಾಹ್ನ ಡಬ್ಬಿ ತೆಗೆಯುವಾಗ ಹದವಾಗಿ ಹೆಪ್ಪಾಗಿರುತ್ತದೆ, ಒಂಚೂರೂ ಹುಳಿ ಇರುವುದಿಲ್ಲ. ಮೊಸರನ್ನೇ ಸುರಿದು ಕಲಸಿಕೊಂಡು ಹೋದರೆ ಮಧ್ಯಾಹ್ನದೊಳಗೆ ಹುಳಿಯಾಗುತ್ತದೆ. ಜೊತೆಗೆ ಒಂದೆರಡು ಮಿಡಿ ಉಪ್ಪಿನಕಾಯಿ.

ಸೋಮನಾಥಪುರಕ್ಕೆ ಹೋದ ದಿನ ಆ ಮೊಸರನ್ನವನ್ನು ಮರದ ನೆರಳಿನಲ್ಲಿ ಕೂತು ತಿಂದೆವು. ಬನ್ನೂರಿನಲ್ಲಿ ಇಳಿದು ಬಸ್ ಬದಲಾಯಿಸಬೇಕು. ಕೇಶವ ದೇವಸ್ಥಾನದಲ್ಲಿ ಪೂಜೆ ಇಲ್ಲ, ಹಾಗಾಗಿ ನೂಕುನುಗ್ಗಲೂ ಇಲ್ಲ. 1258ರಲ್ಲಿ ಕಟ್ಟಿದ್ದು. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆಗೆ ಯುನೆಸ್ಕೋ ಪಟ್ಟಿಗೂ ಸೇರಿತು. ನಾವು ಬೆಳಿಗ್ಗೆ ಬೇಗ ಹೋಗಿದ್ದರಿಂದ ಕಲ್ಲು ಇನ್ನೂ ತಣ್ಣಗಿತ್ತು. ಹೊರಗೋಡೆಯ ಸುತ್ತ ಒಂದೇ ಸುತ್ತಿಗೆ ಒಂದು ಗಂಟೆ ತೆಗೆದುಕೊಂಡೆವು. ಕೆಳಗಡೆ ಸಾಲಾಗಿ ಆನೆ, ಅದರ ಮೇಲೆ ಕುದುರೆ, ಬಳ್ಳಿ. ವಿಗ್ರಹಗಳ ಪೀಠದಲ್ಲಿ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ. ಮಲ್ಲಿತಮ್ಮ ಎಂಬ ಹೆಸರು ಎಷ್ಟೋ ಕಡೆ ಇದೆ. ಯಜಮಾನರು ಕನ್ನಡಕ ಒರೆಸಿಕೊಂಡು ಬಗ್ಗಿ ಒಂದೊಂದೇ ಹಳೆಗನ್ನಡ ಅಕ್ಷರ ಕೂಡಿಸಿ ಓದುತ್ತಿದ್ದರು. "ನೋಡೇ, ಇಲ್ಲೂ ಇದ್ದಾನೆ" ಎಂದು ಕೂಗಿದರು. ಬೇಲೂರಿನಲ್ಲಿ ಕಳೆದುಕೊಂಡದ್ದು ಅವತ್ತು ಸಿಕ್ಕಿತು.

ಮೇಲುಕೋಟೆಗೆ ಹೋದಾಗ ಅವರು ಯೋಗಾನರಸಿಂಹಸ್ವಾಮಿ ಬೆಟ್ಟ ಹತ್ತಿದರು, ನಾನು ಹತ್ತಲಿಲ್ಲ. ಮೊದಲಾದರೆ ಹಟ ಮಾಡಿ ಹತ್ತಿ ಆಮೇಲೆ ನರಳುತ್ತಿದ್ದೆ. ಚೆಲುವನಾರಾಯಣನ ದರ್ಶನ ಮುಗಿಸಿ ಕಲ್ಯಾಣಿಯ ಮಂಟಪದ ನೆರಳಲ್ಲಿ ಕುಳಿತೆ. ಅವರು ಇಳಿದು ಬರುವಾಗ ಪುಳಿಯೋಗರೆ ಪೊಟ್ಟಣ ಹಿಡಿದುಕೊಂಡು ಬಂದರು. ಇಬ್ಬರೂ ಎಲ್ಲವನ್ನೂ ಒಟ್ಟಿಗೇ ಮಾಡಬೇಕು ಎನ್ನುವುದನ್ನು ಬಿಟ್ಟ ಮೇಲೆ ಜಗಳ ಎಷ್ಟು ಕಡಿಮೆಯಾಗಿದೆ ಗೊತ್ತಾ!

ಮಗಳ ಮನೆಗೆ ಹೋಗುವುದರಲ್ಲೂ ಇದೇ ಅಳತೆ ಉಪಯೋಗಕ್ಕೆ ಬಂತು. ಮೊದಲ ಸಲ ಮೊಮ್ಮಗಳ ರಜೆ ಎಂದು ಹೋದವರು ಒಂದೂವರೆ ತಿಂಗಳು ಉಳಿದೆವು. ಅವಳ ಅಡುಗೆಮನೆಯ ಡಬ್ಬಗಳನ್ನೆಲ್ಲ ನನ್ನ ಕೈಗೆ ಸಿಗುವ ಹಾಗೆ ಜೋಡಿಸಿದೆ. ಮಗಳು ಏನೂ ಅನ್ನಲಿಲ್ಲ. ಒಂದು ದಿನ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಜೀರಿಗೆ ಡಬ್ಬ ಸಿಗದೆ ಅವಳ ಕಣ್ಣಲ್ಲಿ ನೀರು ಬಂತು. ನನಗೆ ಬಹಳ ಸಂಕಟವಾಯಿತು. ಅವಳಿಗೆ ಸಹಾಯ ಮಾಡುತ್ತಿದ್ದೇನೆ ಎಂದುಕೊಂಡು ಅವಳ ಮನೆಯನ್ನು ನನ್ನ ಮನೆ ಮಾಡಿಬಿಟ್ಟಿದ್ದೆ.

ಈಗ ಹೋಗುವ ಟಿಕೆಟ್ ಮಾಡಿಸುವಾಗಲೇ ಬರುವ ಟಿಕೆಟ್ಟೂ ಮಾಡಿಸುತ್ತೇವೆ. ಎಂಟು ದಿನ ಅಷ್ಟೇ. ಬರುವ ದಿನ, ಹೊರಡುವ ದಿನ ಎರಡನ್ನೂ ಫೋನಿನಲ್ಲಿ ಮೊದಲೇ ಅಳಿಯಂದಿರಿಗೆ ಹೇಳುತ್ತೇನೆ. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತುವುದಿಲ್ಲ, ಕೆಲಸಕ್ಕೆ ಹೋಗುವವರಿಂದ ತುಂಬಿರುತ್ತದೆ. ಹನ್ನೊಂದು ದಾಟಿದ ಮೇಲೆ ಹೊರಡುವ ಒಡೆಯರ್ ಎಕ್ಸ್‌ಪ್ರೆಸ್ ನಮಗೆ ಹೇಳಿ ಮಾಡಿಸಿದ್ದು. 2022ರ ತನಕ ಟಿಪ್ಪು ಎಕ್ಸ್‌ಪ್ರೆಸ್ ಎನ್ನುತ್ತಿದ್ದರಲ್ಲ, ಅದೇ. ತಿಂಡಿ ತಿಂದು, ಪಾತ್ರೆ ತೊಳೆದಿಟ್ಟು ನಿಧಾನವಾಗಿ ಸ್ಟೇಷನ್‌ಗೆ ಹೋಗಬಹುದು. ಏನು ತರಲಿ ಎಂದು ಕೇಳಿಯೇ ತೆಗೆದುಕೊಂಡು ಹೋಗುತ್ತೇನೆ. ಹುಳಿಪುಡಿ ಬೇಕು ಎಂದರೆ ಹುಳಿಪುಡಿ ಮಾತ್ರ. ಅಲ್ಲಿ ಮೊಮ್ಮಗಳನ್ನು ಶಾಲೆ ವ್ಯಾನಿನಿಂದ ಕರೆದುಕೊಂಡು ಬರುವುದು ಅವಳ ತಾತನ ಕೆಲಸ, ಸಂಜೆ ತಿಂಡಿ ನನ್ನ ಕೆಲಸ. ಬೆಳಗಿನ ಅಡುಗೆಮನೆ ಮಗಳದು. ಆ ಹೊತ್ತಿನಲ್ಲಿ ನಾನು ಒಳಗೆ ಕಾಲಿಡುವುದಿಲ್ಲ. ಹೋದ ಸಲ ಹೊರಡುವ ದಿನ, "ಅಮ್ಮಾ, ಇನ್ನೆರಡು ದಿನ ಇರಬಾರದಾ?" ಎಂದು ಅವಳೇ ಕೈ ಹಿಡಿದುಕೊಂಡಳು.

ಮನೆ ಬಿಡುವ ಹಿಂದಿನ ರಾತ್ರಿ ಹಾಲಿನವನಿಗೆ ಹೇಳುವುದು, ಹೊರಡುವಾಗ ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡುವುದು, ಒಂದು ಬೀಗದ ಕೈ ಎದುರು ಮನೆಯವರಿಗೆ ಕೊಡುವುದು. ತುಳಸಿಗೆ ನೀರು ಹಾಕುವವರು ಅವರೇ. ಅವರು ಊರಿಗೆ ಹೋದಾಗ ಅವರ ಗಿಡಗಳು ನನ್ನ ಪಾಲಿಗೆ. ನಾವು ವಾಪಸ್ ಬರುವ ದಿನ ಅರ್ಧ ಲೀಟರ್ ಹಾಲು ತಂದು ಫ್ರಿಜ್ಜಿನಲ್ಲಿ ಇಟ್ಟಿರುತ್ತಾರೆ. ಬಂದ ಕೂಡಲೇ ಕೈಕಾಲು ತೊಳೆದು ದೀಪ ಹಚ್ಚಿ, ಆ ಹಾಲಿನಲ್ಲಿ ಎರಡು ಲೋಟ ಕಾಫಿ ಬೆರೆಸುತ್ತೇನೆ. ಅಷ್ಟರಲ್ಲಿ ಯಜಮಾನರು ಕ್ಯಾಲೆಂಡರ್ ಮುಂದೆ ನಿಂತು ಮುಂದಿನ ತಿಂಗಳ ಬುಧವಾರಗಳನ್ನು ಎಣಿಸುತ್ತಿರುತ್ತಾರೆ. ಈ ಸಲ ತಲಕಾಡು ಎನ್ನುತ್ತಿದ್ದಾರೆ. ಅಲ್ಲಿ ಮರಳಿನಲ್ಲಿ ನಡೆಯಬೇಕು, ಮಂಡಿ ಏನು ಹೇಳುತ್ತದೋ ನೋಡಿ ತೀರ್ಮಾನ ಮಾಡಬೇಕು.